ಸುನಾಮಿ ಬಂದರೆ ತಿಳಿಸುತ್ತೇವೆ

ಆಸ್ತಿ ವಿಮೆಗೆ ಅಪಾಯ ಅಳೆದು ಕಂತು ಗೊತ್ತುಮಾಡುವ ಮಹನೀಯರಿಗೆ,

ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲ್ಲೂಕು, ಕತ್ತಲಗೆರೆಯಿಂದ ಮಣ್ಣಿನ ಗೋಡೆಯ ಮನೆಯವನೊಬ್ಬನ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಮ್ಮ ಕ್ಷೇಮವನ್ನು ಮರುವಿಮೆ ಕಂಪನಿಯವರು ನೋಡಿಕೊಳ್ಳುತ್ತಾರೆಂದು ಕೇಳಿದ್ದೇನೆ, ಆದ್ದರಿಂದ ಆ ಬಗ್ಗೆ ಚಿಂತಿಸಿಲ್ಲ.

ಬಿಡುವಿತ್ತು. ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಕೂತು ಓದಿದೆ. ಬೆಂಕಿ ವಿಮೆ ಮಾರುವ ಕಂಪನಿಗಳೆಲ್ಲ 2021ರ ಏಪ್ರಿಲ್ 1ರಿಂದ ಇದನ್ನು ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಟ್ಟುಮಾಡಿದೆ. ಒಳ್ಳೆಯ ಕೆಲಸ, ಮೊದಲಿದ್ದ ಪಾಲಿಸಿಗಳ ಭಾಷೆಗಿಂತ ಇದರ ಭಾಷೆ ಎಷ್ಟೋ ಸಲೀಸು. ಯಾವ ಯಾವ ವಿಕೋಪಕ್ಕೆ ಪರಿಹಾರ ಉಂಟೆಂಬ ಪಟ್ಟಿ ಓದುತ್ತಾ ಹೋದಂತೆ ನನ್ನ ಎದೆ ತುಂಬಿ ಬಂತು. ಭೂಕಂಪ, ಜ್ವಾಲಾಮುಖಿ, ಬಿರುಗಾಳಿ, ಸೈಕ್ಲೋನ್, ಟೈಫೂನ್, ಹರಿಕೇನ್, ಟೊರ್ನಾಡೊ, ಸುನಾಮಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು. ಜೊತೆಗೆ ಕ್ಷಿಪಣಿ ಪರೀಕ್ಷೆ. ಟೈಫೂನ್ ಹುಟ್ಟುವುದು ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ, ಹರಿಕೇನ್ ಹುಟ್ಟುವುದು ಅಟ್ಲಾಂಟಿಕ್ ಕಡೆ. ಸುನಾಮಿ ನಮ್ಮೂರಿಗೆ ಬರಬೇಕಾದರೆ ಮೊದಲು ಪಶ್ಚಿಮ ಘಟ್ಟ ಹತ್ತಬೇಕು, ಆಮೇಲೆ ಮಲೆನಾಡು ದಾಟಬೇಕು. ಇಷ್ಟು ಪ್ರಯಾಸಪಟ್ಟು ಅದು ಬಂದೇಬಿಟ್ಟರೆ ಕತ್ತಲಗೆರೆಯವರು ಬೀದಿಪಾಲಾಗಬಾರದೆಂದು ಯೋಚಿಸಿದ್ದೀರಲ್ಲ, ಅದು ದೊಡ್ಡತನ. ಕ್ಷಿಪಣಿಯ ವಿಷಯ ಮಾತ್ರ ತೀರಾ ದೂರದ್ದಲ್ಲ. ನಮ್ಮ ಜಿಲ್ಲೆಯ ಜಗಳೂರಿಗೆ ಪಕ್ಕದಲ್ಲೇ ಇರುವ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ಹಾರಾಟ ಪರೀಕ್ಷಾ ಕೇಂದ್ರವಿದೆ.

ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಮಳೆ ಇಲ್ಲ.

ಬಿರುಗಾಳಿಯ ಮಳೆಗೆ ಬೆಲೆಯಿದೆ, ಪ್ರವಾಹವಾಗಿ ಹರಿದ ಮಳೆಗೂ ಬೆಲೆಯಿದೆ. ಸುಮ್ಮನೆ, ಗದ್ದಲವಿಲ್ಲದೆ, ಹಗಲು ರಾತ್ರಿ ಜಿಟಿಜಿಟಿ ಹಿಡಿಯುವ ಮಳೆಗೆ ಒಂದು ಸಾಲೂ ಇಲ್ಲ. ನಮ್ಮ ಕಡೆ ಮನೆ ಬೀಳಿಸುವುದು ಆ ಮಳೆಯೇ, ಸ್ವಾಮಿ. ಹೇಗೆಂದು ವಿವರವಾಗಿ ತಿಳಿಸುತ್ತೇನೆ. ಅಪಾಯ ಅಳೆಯುವ ನಿಮ್ಮ ಕಂಪ್ಯೂಟರ್ ಮಾದರಿಗೆ ಉಪಯೋಗವಾದೀತು.

ಪುಷ್ಯ, ಆಶ್ಲೇಷ ಮಳೆಯಲ್ಲಿ ಸೋನೆ ಹಿಡಿಯುತ್ತದೆ. ಸೂರಿನ ನೀರು ಗೋಡೆಯ ಬುಡಕ್ಕೆ ಚಿಮ್ಮಿ ಚಿಮ್ಮಿ ಒಂದೊಂದೇ ಪದರ ಮಣ್ಣನ್ನು ತಿನ್ನುತ್ತದೆ. ಅದೇ ಹೊತ್ತಿಗೆ ಭದ್ರಾ ನಾಲೆಗೆ ನೀರು ಬಿಟ್ಟಿರುತ್ತಾರೆ. ನಮ್ಮದು ಅಚ್ಚುಕಟ್ಟು ಪ್ರದೇಶ. ಊರಲ್ಲೇ ಕೃಷಿ ಸಂಶೋಧನಾ ಕೇಂದ್ರವಿದ್ದು ಭತ್ತದ ತಳಿಗಳನ್ನು ಬೆಳೆದು ನೋಡುತ್ತಾರೆ. ಗದ್ದೆಯಲ್ಲಿ ನೀರು ನಿಂತರೆ ಅಂಚಿನ ಮನೆಗಳ ನೆಲದಲ್ಲಿ ಜವಳು ಏಳುತ್ತದೆ. ಮೇಲಿಂದ ಮಳೆ, ಕೆಳಗಿಂದ ತೇವ. ನೆನೆದ ಮಣ್ಣಿಗೆ ಭಾರ ಹೆಚ್ಚು, ಕಸುವು ಕಡಿಮೆ. ಗೋಡೆ ಹೊಟ್ಟೆ ಬಿಡುತ್ತದೆ. ಅಡಿಕೆ ಮರದ ತುಂಡೊಂದನ್ನು ಆನಿಕೆ ಕೊಟ್ಟು, ಮೇಲೆ ತಾಡಪಾಲು ಹೊದಿಸಿ, ಮಕ್ಕಳನ್ನು ಆ ಗೋಡೆಯಿಂದ ದೂರ ಮಲಗಿಸಿ ಮನೆಯವರು ಮಳೆ ಕಳೆಯುತ್ತಾರೆ. ಇಷ್ಟೆಲ್ಲ ಆದಮೇಲೂ ಆ ಗೋಡೆ ಎಷ್ಟೋ ಸಲ ಮಳೆಯಲ್ಲಿ ಬೀಳುವುದಿಲ್ಲ. ಮಳೆ ನಿಂತು, ಬಿಸಿಲು ಬಿದ್ದು, ಮಣ್ಣು ಒಂದು ಕಡೆ ಆರಿ ಬಿರಿದ ದಿನ ಬೀಳುತ್ತದೆ. ಆ ದಿನ ಬಂದ ಸರ್ವೇಯರ್ ಸಾಹೇಬರು ಆಕಾಶ ನೋಡುತ್ತಾರೆ, ಹವಾಮಾನ ವರದಿ ನೋಡುತ್ತಾರೆ, ಎರಡೂ ನಿರ್ಮಲ. ನಷ್ಟದ ದಿನಾಂಕಕ್ಕೆ ವಿಕೋಪವೇ ಇಲ್ಲ! ನಿಧಾನವಾಗಿ ಆಗುವ ಸವಕಳಿ ಹೇಗೂ ನಿಮ್ಮ ಪಟ್ಟಿಯ ವಿಕೋಪವಲ್ಲ. ನಮ್ಮ ಗೋಡೆಗಳ ತಪ್ಪೆಂದರೆ ಅವು ನಿಧಾನವಾಗಿ ಬೀಳುವುದು.

ಅಪಾಯ ಎಂಬುದು ವಿಕೋಪ, ಅದರ ದಾರಿಯಲ್ಲಿರುವ ಆಸ್ತಿ, ಆ ಆಸ್ತಿಯ ದೌರ್ಬಲ್ಯ ಈ ಮೂರರ ಗುಣಲಬ್ಧ ಎಂದು ನಿಮ್ಮ ಪಠ್ಯಪುಸ್ತಕಗಳು ಹೇಳುತ್ತವಂತೆ. ತುಂಬಾ ಸರಿ. ಮೊದಲನೆಯದಕ್ಕೆ ಉಪಗ್ರಹವಿದೆ, ಎರಡನೆಯದಕ್ಕೆ ಪಿನ್‌ಕೋಡ್ ಇದೆ. ಮೂರನೆಯದಕ್ಕೆ ಅರ್ಜಿಯಲ್ಲಿ ಎರಡು ಚೌಕ: ಪಕ್ಕಾ, ಕಚ್ಚಾ. ಕಲ್ಲಿನ ತಳಪಾಯದ ಮೇಲೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಸಾಗುವಾನಿ ತೊಲೆ, ಮಂಗಳೂರು ಹೆಂಚು, ಮುಂದಿನ ಪಡಸಾಲೆಗೆ ಮಾತ್ರ ಆರ್‌ಸಿಸಿ, ಹಿತ್ತಿಲ ಬಚ್ಚಲಿಗೆ ಶೀಟು. ಇದು ಯಾವ ಚೌಕಕ್ಕೆ ಬರುತ್ತದೆ? ನಮ್ಮ ಮನೆಗಳು ತಲೆಮಾರಿಗೊಂದು ಕೋಣೆಯಂತೆ ಬೆಳೆದಿರುವುದರಿಂದ ಒಂದೇ ಸೂರಿನ ಕೆಳಗೆ ನಿಮ್ಮ ಎರಡೂ ಚೌಕ ಸಂಸಾರ ಮಾಡುತ್ತವೆ.

ಗೋಡೆಯನ್ನು ಕೇಳಿದವರು ದೇಶದಲ್ಲಿ ಯಾರೂ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ಬಿಎಂಟಿಪಿಸಿ ಎಂಬ ಸಂಸ್ಥೆ 1997ರಲ್ಲಿ ಭಾರತದ ವಿಪತ್ತು ಭೇದ್ಯತೆಯ ಅಟ್ಲಾಸ್ ತಂದಿತು. ಮೂರನೆಯ ಆವೃತ್ತಿ 2019ರಲ್ಲಿ ಬಂತು. ಮಣ್ಣಿನ ಗೋಡೆ ಎಷ್ಟು, ಸುಟ್ಟ ಇಟ್ಟಿಗೆಯದು ಎಷ್ಟು, ಯಾವುದಕ್ಕೆ ಯಾವ ವಿಕೋಪದಿಂದ ಎಷ್ಟು ಧಕ್ಕೆ ಎಂದು ಜಿಲ್ಲಾವಾರು ಕೋಷ್ಟಕ ಅದರಲ್ಲಿದೆ. ಜಿಲ್ಲೆಯ ಮಟ್ಟಕ್ಕೆ ಬಂದು ಅದು ನಿಲ್ಲುತ್ತದೆ ಎಂಬುದೊಂದೇ ಕೊರತೆ.

ಜಿಲ್ಲೆಯೆಂದರೆ ನಮ್ಮ ಜಿಲ್ಲೆಯನ್ನೇ ನೋಡಿ. 1997ರ ಆಗಸ್ಟ್ 15ರಂದು ಶಿವಮೊಗ್ಗದಿಂದ ಒಂದಿಷ್ಟು, ಚಿತ್ರದುರ್ಗದಿಂದ ಒಂದಿಷ್ಟು, ಬಳ್ಳಾರಿಯಿಂದ ಒಂದಿಷ್ಟು ತಂದು ಮಾಡಿದ್ದು. ಹೊನ್ನಾಳಿ, ನ್ಯಾಮತಿಯವರಿಗೆ ಹೊಳೆಯ ಚಿಂತೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ನೇರ ಅವರ ಮನೆಬಾಗಿಲಿಗೆ ಬರುತ್ತವೆ. ಭದ್ರಾ ಜಲಾಶಯ 71.5 ಟಿಎಂಸಿ ಹಿಡಿದಿಟ್ಟುಕೊಳ್ಳಬಲ್ಲದು. ಗಾಜನೂರಿನ ತುಂಗಾ ಅಣೆಕಟ್ಟೆಗೆ ಹಿಡಿಸುವುದು ಮೂರೂಕಾಲು ಟಿಎಂಸಿಯಷ್ಟೇ. ಆಗುಂಬೆ, ಶೃಂಗೇರಿ ಕಡೆ ಜೋರಾದರೆ ಬಂದ ನೀರನ್ನು ಬಂದ ಹಾಗೇ ಕೆಳಗೆ ಬಿಡುವುದು ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ. ಹೊನ್ನಾಳಿಯ ಬಾಲರಾಜ್ ಘಾಟ್‌ನವರು ಗಂಟುಮೂಟೆ ಕಟ್ಟುವುದು ಆಗಲೇ. 2019ರ ಆಗಸ್ಟಿನಲ್ಲಿ ಏನಾಯಿತೆಂದು ಅವರನ್ನೇ ಕೇಳಿ. ನೂರು ವರ್ಷಕ್ಕೊಮ್ಮೆಯ ಪ್ರವಾಹ ಎಂದು ನೀವು ಬರೆದುಕೊಳ್ಳುತ್ತೀರಿ; ಅದರ ಲೆಕ್ಕ ನನಗೆ ಗೊತ್ತಿದೆ. ವರ್ಷಕ್ಕೆ ಶೇ 1ರ ಸಂಭವ, ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಂಭವ ಶೇ 26. ಹೊಳೆದಂಡೆಯವರಿಗೆ ಇದನ್ನು ಹೇಳಿ ನೋಡಿದೆ. ನೂರು ವರ್ಷದ ಲೆಕ್ಕ ಇಟ್ಟವರು ಯಾರು, ಅವರ ಮನೆ ಎಲ್ಲಿದೆ ಎಂದು ಕೇಳಿದರು.

ಜಗಳೂರಿನ ಚಿಂತೆ ತದ್ವಿರುದ್ಧ, ಬರಗಾಲ. ಅಲ್ಲಿನ 57 ಕೆರೆ ತುಂಬಿಸಲು ಹರಿಹರದ ಹತ್ತಿರದ ದೀಟೂರಿನಿಂದ ತುಂಗಭದ್ರೆಯನ್ನೇ ಪೈಪಿನಲ್ಲಿ ಎತ್ತಿ ತರಬೇಕಾಯಿತು. ಪಾಲಿಸಿಯಲ್ಲಿ ಪ್ರವಾಹ ಒಳಗೇ ಸೇರಿರುವುದರಿಂದ ಜಗಳೂರಿನವರೂ ಅದಕ್ಕೆ ಕಂತು ಕಟ್ಟುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಬೀಳದ ಮನೆಯವನು ಬಿದ್ದ ಮನೆಯವನಿಗೆ ಕೊಡುವುದೇ ವಿಮೆ. ಜಗಳೂರಿನವರು ಹೊನ್ನಾಳಿಯವರಿಗೆ ಕೊಡಲಿ, ನೀರು ಹೇಗೂ ಅಲ್ಲಿಂದಲೇ ಬರುತ್ತಿದೆ. ಪಿನ್‌ಕೋಡ್ ನೋಡಿ ಅಪಾಯ ಅಳೆಯುವಾಗ ಮಾತ್ರ ಸ್ವಲ್ಪ ಕನ್ನಡಕ ಸರಿಮಾಡಿಕೊಳ್ಳಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಪಿನ್‌ಕೋಡ್ ಶುರುವಾಗುವುದು 577ರಿಂದ. ಮೋಡ ಕಂಡರೆ ಕೈಮುಗಿಯುವ ಜಗಳೂರಿನದೂ 577ರಿಂದಲೇ.

ಇನ್ನು ನಷ್ಟದ ಇತಿಹಾಸಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಹಿಂದಿನ ಕ್ಲೇಮುಗಳನ್ನು ನೋಡಿ ಮುಂದಿನ ಕಂತು ಕಟ್ಟುವುದು ನಿಮ್ಮ ಕಸುಬಿನ ಜೀವಾಳ. ಆ ಕಡತದಲ್ಲಿ ನಮ್ಮಂಥ ಹಳ್ಳಿಗಳ ಪುಟ ಬೆಳ್ಳಗಿರುತ್ತದೆ. ಕ್ಲೇಮಿಲ್ಲ, ಯಾಕೆಂದರೆ ಪಾಲಿಸಿಯಿಲ್ಲ. ಪಾಲಿಸಿಯಿಲ್ಲ, ಯಾಕೆಂದರೆ ನಮ್ಮ ಕಡೆ ಮನೆಗೆ ವಿಮೆ ಬರುವುದು ಗೃಹಸಾಲದ ಬೆನ್ನು ಹತ್ತಿ, ಮಣ್ಣಿನ ಮನೆಗೆ ಸಾಲ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅದು ಮೊದಲು ಕೇಳುವುದು ಇ-ಸ್ವತ್ತಿನ ನಮೂನೆ 9 ಮತ್ತು 11. ಅಜ್ಜನ ಹೆಸರಲ್ಲಿರುವ ಖಾತೆ, ಮೂವರು ಅಣ್ಣತಮ್ಮಂದಿರ ಬಾಯಿಮಾತಿನ ಪಾಲು. ನಮೂನೆ ಎಲ್ಲಿಂದ ತರುವುದು? ಹೀಗಾಗಿ ನಮ್ಮೂರಲ್ಲಿ ಎಷ್ಟು ಗೋಡೆ ಬಿದ್ದರೂ ನಿಮ್ಮ ಪುಸ್ತಕದಲ್ಲಿ ಸದ್ದಾಗುವುದಿಲ್ಲ. ನಮ್ಮ ತಾಲ್ಲೂಕಿನ ಬಹು ಪ್ರಸಿದ್ಧ ನಷ್ಟವೆಂದರೆ 1664ರಲ್ಲಿ ಬೇಟೆಗೆ ಬಂದಿದ್ದ ಶಿವಾಜಿಯ ತಂದೆ ಶಹಾಜಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು, ಹೊದಿಗೆರೆಯಲ್ಲಿ ಸಮಾಧಿಯಿದೆ. ಅದಾದರೂ ವೈಯಕ್ತಿಕ ಅಪಘಾತ ವಿಭಾಗಕ್ಕೆ ಹೋಗುತ್ತದೆ, ನಿಮ್ಮ ಮೇಜಿಗೆ ಬರುವುದಿಲ್ಲ.

ಮನೆಯೊಳಗಿನ ಸಾಮಾನಿನ ವಿಷಯ ಚುಟುಕಾಗಿ ಮುಗಿಸುತ್ತೇನೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟನ್ನು, ಹತ್ತು ಲಕ್ಷ ರೂಪಾಯಿ ಮೀರದಂತೆ, ಗೃಹೋಪಯೋಗಿ ವಸ್ತುಗಳಿಗೆ ತಾನಾಗಿ ಕೊಡುತ್ತೀರಿ. ಚನ್ನಗಿರಿ ಸೀಮೆಯ ರೈತನ ಮನೆಯಲ್ಲಿ ಟಿ.ವಿ., ಮಂಚ, ಬೀರು ಎಲ್ಲ ಸೇರಿದರೂ ಅಟ್ಟದ ಮೇಲಿನ ನಾಲ್ಕು ಚೀಲ ರಾಶಿ ಅಡಿಕೆಗೆ ಸಮವಾಗುವುದಿಲ್ಲ. ಸೂರು ಸೋರಿದರೆ ಮೊದಲು ಕೆಡುವುದು ಅದೇ. ಅಡಿಕೆ ಗೃಹೋಪಯೋಗಿಯಲ್ಲ, ಸರಕು ಎನ್ನುತ್ತೀರಿ. ಸರಕಿಗೆ ಬೇರೆ ಪಾಲಿಸಿ. ಊಟವಾದ ಮೇಲೆ ನಮ್ಮ ಅಜ್ಜಿ ಅದನ್ನು ಗೃಹಕ್ಕೇ ಉಪಯೋಗಿಸುವುದನ್ನು ನೀವು ನೋಡಿಲ್ಲ.

ವಿಮೆಯೆಂದರೇನೆಂದು ತಿಳಿಯದ ಜನ ಎಂದು ಮಾತ್ರ ನಮ್ಮನ್ನು ಎಣಿಸಬೇಡಿ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇ 5, ಅಂದರೆ 6,400 ರೂಪಾಯಿ ರೈತನ ಪಾಲಿನ ಕಂತು. ಅಲ್ಲಿ ತೋಟವನ್ನು ನೋಡಲು ಯಾರೂ ಬರುವುದಿಲ್ಲ, ಪಂಚಾಯಿತಿಯ ಮಳೆಮಾಪಕವನ್ನು ನೋಡುತ್ತಾರೆ. ಮಾಪಕದ ಮೇಲೆ ಬಿದ್ದರೆ ಮಳೆ, ತೋಟದ ಮೇಲೆ ಬಿದ್ದರೆ ಬರೀ ನೀರು. ಆದರೂ ಅದರಲ್ಲೊಂದು ನ್ಯಾಯವಿದೆ: ಸೋನೆಯಾದರೂ ಸುರಿತವಾದರೂ ಅಲ್ಲಿ ಮಳೆಯನ್ನು ಮಳೆಯೆಂದೇ ಎಣಿಸುತ್ತಾರೆ. ಅಡಿಕೆ ಮರಕ್ಕೆ ಇರುವ ಈ ಸೌಲಭ್ಯ ಅದನ್ನು ನೆಟ್ಟವನ ಗೋಡೆಗೆ ಇಲ್ಲ.

ನಿಮ್ಮ ಬದಲು ಸರ್ಕಾರ ಮಾಡುವ ಅಳತೆಯೂ ಇದೆ. ಅದು ಮನೆ ಬಿದ್ದ ಮೇಲೆ. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ‘ಎ’, 25ರಿಂದ 75 ‘ಬಿ’, 15ರಿಂದ 25 ‘ಸಿ’. 2022ರಲ್ಲಿ ಎ ಅಂದರೆ ಐದು ಲಕ್ಷ, ಬಿ ಅಂದರೆ ಮೂರು ಲಕ್ಷ, ಸಿ ಅಂದರೆ ಐವತ್ತು ಸಾವಿರ. ಶೇ 24 ಬಿದ್ದ ಮನೆಗೂ ಶೇ 26 ಬಿದ್ದ ಮನೆಗೂ ನಡುವೆ ಆಗ ಎರಡೂವರೆ ಲಕ್ಷ ರೂಪಾಯಿ ನಿಂತಿತ್ತು, ಅದನ್ನು ಕಣ್ಣಂದಾಜಿನಲ್ಲಿ ಹೇಳಬೇಕಾದವರು ಬೆಳಗಿನಿಂದ ಇಪ್ಪತ್ತು ಮನೆ ನೋಡಿ ಬಂದ ಎಂಜಿನಿಯರು. ಅವರು ಬರುವ ಹಿಂದಿನ ರಾತ್ರಿ ಉಳಿದ ಗೋಡೆಗೆ ಯಾರೂ ಒರಗಿ ಕೂರಬಾರದೆಂದು ಹಿರಿಯರು ಬುದ್ಧಿ ಹೇಳುವುದುಂಟು. ಎಲ್ಲರೂ ಕೇಳುತ್ತಾರೆಂದು ನಾನು ಪ್ರಮಾಣ ಮಾಡಲಾರೆ. ಬೇಸಿಗೆಯಲ್ಲಿ ಒಂದು ಸುತ್ತು ಗಾರೆ ಹಾಕಿಸಿ ಗೋಡೆ ಉಳಿಸಿಕೊಂಡವನಿಗೆ ಈ ಲೆಕ್ಕದಲ್ಲಿ ಸಿಗುವುದು ಸೊನ್ನೆ.

ಬೇರೆಯವರು ಏನು ಮಾಡಿದರು? ಅಮೆರಿಕದ ಫ್ಲಾರಿಡಾದಲ್ಲಿ 1992ರ ಆಂಡ್ರ್ಯೂ ಚಂಡಮಾರುತಕ್ಕೆ ಹಲವು ವಿಮಾ ಕಂಪನಿಗಳೇ ಮುಳುಗಿದ ಮೇಲೆ, ಹಳೆಯ ಕ್ಲೇಮುಗಳನ್ನಷ್ಟೇ ನೋಡಿದರೆ ಸಾಲದೆಂದು ಅಲ್ಲಿಯವರಿಗೆ ಬುದ್ಧಿ ಬಂತು. ಕಂಪ್ಯೂಟರ್ ಮಾದರಿಗಳಿಗೆ ಬೆಲೆ ಬಂದದ್ದು ಆಮೇಲೆ. ಆ ಮಾದರಿಗಳು ನಮ್ಮಲ್ಲಿಗೂ ಬಂದವು, ಬುದ್ಧಿ ದಾರಿಯಲ್ಲಿ ಎಲ್ಲೋ ಇಳಿದುಕೊಂಡಂತಿದೆ. ಬ್ರಿಟನ್ನಿನವರು 2016ರಲ್ಲಿ ‘ಫ್ಲಡ್ ರೀ’ ಎಂಬ ವ್ಯವಸ್ಥೆ ಮಾಡಿ, ಮುಳುಗುವ ಮನೆಗಳ ಕಂತನ್ನು ಕೈಗೆಟುಕುವಂತೆ ಇಳಿಸಿದರು. ಹಣ ಬರುವುದು ವಿಮಾ ಕಂಪನಿಗಳೆಲ್ಲ ಸೇರಿ ಕಟ್ಟುವ ತೆರಿಗೆಯಿಂದ. 2009ರ ಈಚೆಗೆ ಕಟ್ಟಿದ ಮನೆಗಳಿಗೆ ಅದು ಇಲ್ಲ, ಗೊತ್ತಿದ್ದೂ ಹೊಳೆಯಲ್ಲಿ ಮನೆ ಕಟ್ಟಿದವನನ್ನು ಸಾಕುವುದಿಲ್ಲವೆಂದು. ಅಷ್ಟು ದೂರ ಯಾಕೆ, ನಮ್ಮ ನಾಗಾಲ್ಯಾಂಡ್ ಸರ್ಕಾರ 2021ರಲ್ಲಿ ಮಳೆಯ ಅಳತೆಗೇ ಗಂಟುಹಾಕಿ ಇಡೀ ರಾಜ್ಯಕ್ಕೆ ವಿಪತ್ತು ವಿಮೆ ಕೊಂಡಿತು. ಮಳೆಗೆ ವಿಮೆ ಮಾಡಬಹುದೆಂದು ನಿಮ್ಮವರಲ್ಲೇ ಕೆಲವರಿಗೆ ಗೊತ್ತಿದೆ ಎಂದಾಯಿತು.

ಹಳ್ಳಿಮನೆಗಳ ಮಾಹಿತಿಯೇ ಸಿಗುವುದಿಲ್ಲ ಎಂಬ ನೆಪ ಒಂದನ್ನು ದಯವಿಟ್ಟು ಹೇಳಬೇಡಿ. 2019ರಿಂದೀಚೆಗೆ ಮಳೆಗೆ ಬಿದ್ದ ಮನೆಗಳ ಫೋಟೊ, ಹಾನಿಯ ದರ್ಜೆ, ಯಜಮಾನರ ಹೆಸರು ಎಲ್ಲವನ್ನೂ ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ ಏರಿಸಿದ್ದಾರೆ. ಯಾವ ಗೋಡೆ, ಯಾವ ತಿಂಗಳು, ಎಷ್ಟು ಬಿತ್ತು ಎಂದು ಊರೂರಿನ ಲೆಕ್ಕ ಅಲ್ಲಿದೆ. ಅದರಲ್ಲಿ ಬೀಳದ ಮನೆಗಳೂ ಒಂದಿಷ್ಟು ಬಿದ್ದಿವೆ, ನಿಜ. ಸುಳ್ಳನ್ನು ಸೋಸಿ ತೆಗೆಯುವ ಕಲೆಯನ್ನು ನಿಮಗೆ ಕಲಿಸಿಕೊಡಬೇಕಾಗಿಲ್ಲ. ಕ್ಲೇಮು ಬಂದಾಗ ಆ ಪ್ರತಿಭೆಯನ್ನು ನಾಡೇ ಕಂಡಿದೆ. ಹೆಸರು ತೆಗೆದು ಆ ಪಟ್ಟಿಯನ್ನು ಕೊಡಿ ಎಂದು ಸರ್ಕಾರಕ್ಕೆ ಒಂದು ಅರ್ಜಿ ಬರೆಯಿರಿ. ಬರೆಯಲು ಬೇಸರವಾದರೆ ಹೇಳಿ, ಕರಡು ನಾನೇ ಮಾಡಿ ಕಳಿಸುತ್ತೇನೆ, ನೀವು ಸಹಿ ಹಾಕಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕತ್ತಲಗೆರೆಯ ಒಬ್ಬ ಕಚ್ಚಾ–ಪಕ್ಕಾ ನಿವಾಸಿ

ವಿ.ಸೂ.: ಅಪಾಯ ಪರಿಶೀಲನೆಗೆ ಯಾರನ್ನಾದರೂ ಕಳಿಸುವುದಾದರೆ ಆಶ್ಲೇಷ ಮಳೆಯಲ್ಲೇ ಕಳಿಸಿ. ಫೆಬ್ರುವರಿಯಲ್ಲಿ ನಮ್ಮ ಗೋಡೆಗಳೆಲ್ಲ ಪಕ್ಕಾ ಆಗಿಯೇ ಇರುತ್ತವೆ.