ಮಾವನ ಮೊಂಬಾಸಾ

ಬೆಳುಗುಪ್ಪದ ಕಡಲೇಕಾಯಿ ಹೊಲದಲ್ಲಿ ಮೋಡ ನೋಡಿಯೇ ತಲೆ ನರೆಸಿಕೊಂಡ ಮಾವನಿಗೆ ಕೆನ್ಯಾದ ಕರಾವಳಿ ತೋರಿಸಿದರೆ ಇನ್ನೇನಾದೀತು? "ಇದರಾಗೆ ಒಂದು ಕೆರೆಯಷ್ಟು ಕೊಡಂಗಿಲ್ಲೇನಪ್ಪಾ?" ಉಪ್ಪುನೀರು ಮಾವ, ಅಂದೆ. "ನಮ್ಮ ಬೋರಿಂದೇನು ಎಳನೀರಾ?"

ಅರಬುಕೊ ಸೊಕೊಕೆ ಕಾಡಿನಲ್ಲಿ ಆನೆಯೂ ಉಂಟು. ನಮಗೆ ದರ್ಶನ ಕೊಟ್ಟದ್ದು ಮಾತ್ರ ಆನೆಮೂತಿ ಇಲಿ! ಹೊಂಬಣ್ಣದ ಪೃಷ್ಠ, ತರಗೆಲೆ ಕೆದಕಿ ಹುಳ ಹೆಕ್ಕುವ ಉದ್ದ ಮೂತಿ. ಆ ಸೊಂಡಿಲಿಗೆ ಮಾವ ಕೈ ಮುಗಿದೇಬಿಟ್ಟರು, "ಗಣಪ್ಪ, ವಾಹನ ಎರಡೂ ಒಂದರಾಗೇ ಬಂದವೆ."

ಡಿಯಾನಿಯಲ್ಲಿ ಕೋತಿಗಳು ರಸ್ತೆ ದಾಟಲು ಮೇಲೆ ಹಗ್ಗದ ಸೇತುವೆ ಕಟ್ಟಿದ್ದಾರೆ. ಕೆಳಗೆ ನಾವು ಜೀವ ಕೈಲಿಟ್ಟುಕೊಂಡು ದಾಟಿದೆವು.

ಕೊನೆಗೆ ಗೈಡು ಡೊಳ್ಳುಹೊಟ್ಟೆಯ ಬಾವೊಬಾಬ್ ಮರ ತೋರಿಸಿದ. ಮಾವ ಗುರುತು ಹಿಡಿದರು: "ಸವಣೂರಿನ ದೊಡ್ಡಹುಣಸೆ ಮಠದಾಗೆ ನೋಡಿದೀನಿ. ಅಲ್ಲಿಗೆ ಪಾಸ್‌ಪೋರ್ಟ್ ಕೇಳಲ್ಲ."