43 ಲಕ್ಷ ಉಳಿಸಿದ ಸಾವ್ಕಾರ್ರು

ಸಾವ್ಕಾರ್ರ ಕಾರಿನ ಬಗ್ಗೆ ಯಾರು ಏನೇ ಕೇಳಲಿ, ಮೊದಲು ಬರುವ ಉತ್ತರ ಅದರ ಹೊಸ ಬೆಲೆ. "50 ಲಕ್ಷದ ಗಾಡಿ ರೀ ಇದು." ಇಷ್ಟು ಹೇಳಿ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಎದುರಿನವನ ಮುಖ ನೋಡುತ್ತಾರೆ. ಆ ಮುಖದಲ್ಲಿ ಬೆರಗು ಪೂರ್ತಿ ಮೂಡಿದ ಮೇಲೆ ಎರಡನೆಯ ಮಾತು: "ನಮಗ 7 ಲಕ್ಷಕ್ಕ ಬಿತ್ತು." ಮೂರನೆಯ ಮಾತೂ ಒಂದಿದೆ. ಅದನ್ನು ಅವರು ಆಡುವುದಿಲ್ಲ. ಆ ಲೆಕ್ಕ ಹುಬ್ಬಳ್ಳಿಯ ಗ್ಯಾರೇಜಿನ ಮಿಸ್ತ್ರಿಯ ಡೈರಿಯಲ್ಲಿದೆ.

ಇಂಥವರು ನಮ್ಮೂರು ಗುಡೂರಿನಲ್ಲಿ ಮಾತ್ರ ಇದ್ದಾರೆ ಎಂದು ಬರೆದರೆ ಸುತ್ತಲಿನ ಊರಿನವರು ಸಿಟ್ಟಾದಾರು. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಗಳ ಮುಂದೆ, ಬಾಗಲಕೋಟೆ ನವನಗರದ ಕಲ್ಯಾಣ ಮಂಟಪಗಳ ಎದುರು, ಬಾದಾಮಿಯ ಲಾಡ್ಜುಗಳ ನೆರಳಿನಲ್ಲಿ ಈ ತಳಿಯವರು ಸಿಗುತ್ತಾರೆ. ಕಾರು ಬೆಂಜ್ ಇರಬಹುದು, ಬಿಎಂಡಬ್ಲ್ಯೂ ಇರಬಹುದು, ಆಡಿ ಇರಬಹುದು. ಗುರುತು ಹಿಡಿಯಬೇಕಾದದ್ದು ಕಾರನ್ನಲ್ಲ, ಕೀಲಿಕೈಯನ್ನು. ಅದು ಜೇಬಿನಲ್ಲಿ ಇರುವುದೇ ಇಲ್ಲ; ಚಾದಂಗಡಿಯ ಟೇಬಲ್ಲಿನ ಮೇಲೆ, ಕಂಪನಿಯ ಗುರುತು ಮೇಲಾಗಿ, ಎಲ್ಲರಿಗೂ ಕಾಣುವ ಹಾಗೆ ಮಲಗಿರುತ್ತದೆ. ಇನ್ನೊಂದು ಲಕ್ಷಣ, ಎಸಿ ಕೆಟ್ಟ ದಿನವೂ ಅವರು ಕಿಟಕಿಯ ಗಾಜು ಇಳಿಸುವುದಿಲ್ಲ. ಇಳಿದ ಗಾಜು ಮತ್ತೆ ಏರುತ್ತದೆ ಎಂಬ ಖಾತ್ರಿ ಅವರಿಗಿಲ್ಲ.

ನಮ್ಮ ಸಾವ್ಕಾರ್ರದು ಸೀರೆ ವ್ಯಾಪಾರ. ನೇಕಾರರಿಗೆ ನೂಲು, ರೇಷ್ಮೆ ಕೊಟ್ಟು, ನೇಯ್ದ ಇಳಕಲ್ ಸೀರೆಯನ್ನು ಕೂಲಿ ಲೆಕ್ಕ ಹಾಕಿ ಒಯ್ಯುವ ಮನೆತನ. ಸೀರೆ ಕೈಗೆ ಬಂದರೆ ಅವರ ಹೆಬ್ಬೆರಳು ದಾರಿ ಕೇಳದೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸಿದ ಜಾಗಕ್ಕೇ ಹೋಗುತ್ತದೆ. ಅಲ್ಲಿ ಒಂದು ಎಳೆ ತಪ್ಪಿದ್ದರೂ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಾರೆ. ಸೆರಗಿನ ಕೆಂಪು ರೇಷ್ಮೆ ಖರೆ ರೇಷ್ಮೆಯೋ ಅಲ್ಲವೋ ಎಂದು ಒಂದು ಎಳೆ ಸುಟ್ಟು ಮೂಸಿ ನೋಡದೆ ಬಿಡುವವರಲ್ಲ. 20 ರೂಪಾಯಿಗಾಗಿ ಮಧ್ಯಾಹ್ನದ ಊಟ ಮರೆತು ಚೌಕಾಸಿ ಮಾಡಿದ್ದನ್ನು ಊರೇ ನೋಡಿದೆ. ಅಂಥ ಮನುಷ್ಯ, ದಿಲ್ಲಿಯಲ್ಲಿ ನಿಂತಿದ್ದ ಕಾರನ್ನು ವಾಟ್ಸಾಪಿನಲ್ಲಿ ಬಂದ ಆರು ಫೋಟೋ ನೋಡಿ ಕೊಂಡರು. ಆರರಲ್ಲಿ ಎರಡು ಫೋಟೋ ಸೂರ್ಯಾಸ್ತದವು, ಕಾರು ಅಂಚಿನಲ್ಲಿತ್ತು.

ದಿಲ್ಲಿಯ ಕಾರು ಅಷ್ಟು ಅಗ್ಗವಾಗುವುದಕ್ಕೆ ಕಾರಣವಿದೆ. ಆ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೆಟ್ರೋಲ್ ಗಾಡಿಗೆ 15 ವರ್ಷ. ಆ ನಿಯಮ ಆಮೇಲೆ ಬಿಗಿಯಾಗುತ್ತ, ಸಡಿಲಾಗುತ್ತ ಬಂದಿದೆ. ಆದರೆ ಒಂಬತ್ತನೆಯ ವರ್ಷಕ್ಕೆ ಕಾಲಿಟ್ಟ ಡೀಸೆಲ್ ಕಾರಿನ ಮಾಲೀಕನ ಎದೆಬಡಿತ ಸಡಿಲಾಗಲಿಲ್ಲ. ಅವನು ಬಂದ ಬೆಲೆಗೆ ಕೊಡುತ್ತಾನೆ, ದಲಾಲಿ ಎನ್‌ಒಸಿ ತೆಗೆಸುತ್ತಾನೆ, ಗಾಡಿ ದಕ್ಷಿಣಕ್ಕೆ ಮುಖ ಮಾಡುತ್ತದೆ. ದಿಲ್ಲಿಯಲ್ಲಿ ಹೊಗೆ ಅನ್ನಿಸಿಕೊಂಡದ್ದು ಗುಡೂರಿಗೆ ಬಂದು ಗತ್ತು ಆಗುತ್ತದೆ.

ವಿಜಯಪುರ, ಹುನಗುಂದ ದಾಟಿ ಕಾರು ಊರಿಗೆ ಬಂದ ದಿನ ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಮೀಟರಿನಲ್ಲಿ 82,000 ಕಿ.ಮೀ. ತೋರಿಸುತ್ತಿತ್ತು. ಊರ ಮಿಸ್ತ್ರಿ, ಅಂದರೆ ಟ್ರ್ಯಾಕ್ಟರ್, ಬೊಲೆರೊ, ಟಂಟಂ ಎಲ್ಲವನ್ನೂ ಒಂದೇ ಪಾನಾದಿಂದ ವಾಸಿ ಮಾಡುವಾತ, ಬಾಗಿಲು ತೆಗೆದು ಕೂತ. ಮೀಟರ್ ನೋಡಲಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ನೋಡಿದ, ಸ್ಟೇರಿಂಗಿನ ಚರ್ಮ ಸವೆದು ಹೊಳೆಯುತ್ತಿದ್ದ ಜಾಗ ಸವರಿದ, ಡ್ರೈವರ್ ಸೀಟಿನ ಬಲಗಡೆಯ ಅಂಚು ಒತ್ತಿ ನೋಡಿದ.

"ಸಾವ್ಕಾರ್ರ, ಮೀಟರ್ ಎಂಬತ್ತು ಸಾವಿರ ಅಂತೈತಿ. ಪೆಡಲ್ ಎರಡೂವರಿ ಲಕ್ಷ ಅಂತೈತಿ."

"ಓಡಿದ ಗಾಡಿ ಪಳಗಿರತೈತೋ ತಮ್ಮಾ," ಅಂದರು ಸಾವ್ಕಾರ್ರು. ಈ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿಕೊಂಡ ಎರಡು ಲಕ್ಷ ಕಿ.ಮೀ.ಯ ಕಾರು, ಪೇಟೆಯಲ್ಲಿ ನಿಂತು ನಿಂತು ಕುದಿದ ಐವತ್ತು ಸಾವಿರದ ಕಾರಿಗಿಂತ ಗಟ್ಟಿಯಾಗಿರಬಹುದು. ಆದರೆ ಅದನ್ನು ಹೇಳಬೇಕಾದದ್ದು ಸರ್ವಿಸ್ ಪುಸ್ತಕ. ಸಾವ್ಕಾರ್ರಿಗೆ ಬಂದ ಪುಸ್ತಕದಲ್ಲಿ ಮೊದಲ ಮೂರು ವರ್ಷದ ಠಸ್ಸೆಗಳಿದ್ದವು, ಮುಂದಿನ ಪುಟಗಳು ಕೋರಾ ಬಟ್ಟೆಯಷ್ಟು ಬಿಳಿ. ಅದಕ್ಕೂ ಅವರಲ್ಲಿ ಉತ್ತರವಿತ್ತು: "ಕೆಟ್ಟಿದ್ರ ತಾನ ಬರಿಯೂದು?"

ಅವರ ಬತ್ತಳಿಕೆಯ ದೊಡ್ಡ ಬಾಣ ಗ್ರೀಸ್ ದೇಶದ್ದು. ಅಲ್ಲಿನ ಟ್ಯಾಕ್ಸಿ ಡ್ರೈವರ್ ಒಬ್ಬ ತನ್ನ 1976ರ ಬೆಂಜ್ 240ಡಿ ಕಾರನ್ನು 46 ಲಕ್ಷ ಕಿ.ಮೀ. ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟ ಕಥೆ. ಇದು ನಿಜವೇ. ಆದರೆ ಆತ ದಾರಿಯುದ್ದಕ್ಕೂ ಎಂಜಿನ್ ಬದಲಿಸುತ್ತಲೇ ಬಂದಿದ್ದ ಎಂಬ ಅರ್ಧವನ್ನು ಸಾವ್ಕಾರ್ರು ಹೇಳುವುದಿಲ್ಲ. ಆ ಕಾರಿನಲ್ಲಿ ಕೆಡುವುದಕ್ಕೆ ಕಂಪ್ಯೂಟರೇ ಇರಲಿಲ್ಲ ಎಂಬುದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಮೊದಲ ಪೆಟ್ಟು ಕೊಟ್ಟದ್ದು ಕಾರಲ್ಲ, ಸರ್ಕಾರ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳಬೇಕಾದರೆ ಇಲ್ಲಿಯ ನೋಂದಣಿ ಬೇಕು, ಇಲ್ಲಿಯ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ಆ ತೆರಿಗೆ ನೂರಕ್ಕೆ 18. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಎಣಿಕೆ ಶುರುವಾಗುವುದು ಹೊಸ ಬೆಲೆಯಿಂದ. ಸಾವ್ಕಾರ್ರು ಜೀವನದಲ್ಲಿ ಮೊದಲ ಸಲ ಕೌಂಟರಿನ ಮುಂದೆ ನಿಂತು, "ಸಾಹೇಬ್ರ, ಇದು ಬರೇ 7 ಲಕ್ಷದ ಗಾಡಿ ರೀ" ಅಂದರು. ಒಳಗಿನವರು ಕನ್ನಡಕದ ಮೇಲಿಂದ ನೋಡಿ, "ಇಲ್ರಿ, ಇದು 50 ಲಕ್ಷದ್ದು" ಅಂದರು. ಕೆಎ 29 ಪ್ಲೇಟು ಬಂತು. ಅದಕ್ಕೆ ಕಟ್ಟಿದ ದುಡ್ಡಿನಲ್ಲಿ ಒಂದು ಹೊಸ ಆಲ್ಟೋ ಬರುತ್ತಿತ್ತೆಂದು ಚಾದಂಗಡಿಯ ಅಂದಾಜು.

ಹೊಸ ಬೆಲೆಯನ್ನು ನೆನಪಿಟ್ಟುಕೊಂಡ ಇನ್ನೊಬ್ಬರು ಸ್ಪೇರ್ ಪಾರ್ಟ್ಸಿನವರು. ಈ ಕಾರುಗಳ ಮರ್ಮವೇ ಇದು. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಏರುತ್ತದೆ. 7 ಲಕ್ಷದ ಕಾರಿಗೂ ಹೆಡ್‌ಲೈಟು 50 ಲಕ್ಷದ ಕಾರಿನದೇ ಬೇಕು. ಕೆಲವು ದೊಡ್ಡ ಬೆಂಜುಗಳಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಹತ್ತು ವರ್ಷಕ್ಕೆ ರಬ್ಬರ್ ಸೀಳುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಗೆ ಕುಸಿದು ಕೂತಿರುತ್ತದೆ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಸುಡುತ್ತದೆ, ಆಗ ಎರಡಕ್ಕೂ ದುಡ್ಡು. ಕೆಲವು ಬಿಎಂಡಬ್ಲ್ಯೂ ಡೀಸೆಲ್ ಎಂಜಿನ್ನುಗಳ ಟೈಮಿಂಗ್ ಚೈನು ಹಿಂಬದಿಯಲ್ಲಿದೆ. ಅದು ಸವೆದರೆ ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಅವೇ ಕಾರುಗಳಲ್ಲಿ ಹೊಸ ಬ್ಯಾಟರಿ ಕೂರಿಸಿದರೆ ಸಾಲದು, ಕಂಪ್ಯೂಟರ್ ಹಚ್ಚಿ ಕಾರಿಗೆ ಆ ಬ್ಯಾಟರಿಯ ಪರಿಚಯ ಮಾಡಿಸಬೇಕು. ಬಹಳಷ್ಟರಲ್ಲಿ ಸ್ಟೆಪ್ನಿಯೇ ಇಲ್ಲ. ಪಂಕ್ಚರಾದರೂ ಓಡುವ ಟೈರು ಎಂದು ಕೊಟ್ಟಿರುತ್ತಾರೆ. ಅದು ಒಂದಷ್ಟು ದೂರ ಓಡುತ್ತದೆ, ನಿಜ. ಆಮೇಲೆ ಅದಕ್ಕೆ ತೇಪೆ ಹಾಕಲು ಗಜೇಂದ್ರಗಡ ರಸ್ತೆಯ ಪಂಕ್ಚರ್ ಅಂಗಡಿಯವನು ಕೈ ಮುಗಿಯುತ್ತಾನೆ. ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದೇ ಬೇಡ ಎಂದು ಕಾರು ಮಾರಿದವರು ಹೇಳಿರುತ್ತಾರೆ. ಆ ಗೇರ್‌ಬಾಕ್ಸ್ ತಯಾರಿಸಿದ ಜರ್ಮನಿಯ ಝಡ್‌ಎಫ್ ಕಂಪನಿ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಸಾವ್ಕಾರ್ರು ಮೊದಲಿನವರನ್ನು ನಂಬಿದರು. ಅಗ್ಗದ ಮಾತು ಅವರಿಗೆ ಬೇಗ ಹಿಡಿಸುತ್ತದೆ.

ಡ್ಯಾಶ್‌ಬೋರ್ಡಿನ ಹಳದಿ ದೀಪಗಳಿಗೆ ಅವರು ಬೇಗ ಹೊಂದಿಕೊಂಡರು. ಊರ ಮಿಸ್ತ್ರಿ ಆನ್‌ಲೈನಿನಲ್ಲಿ ಒಂದು ಸ್ಕ್ಯಾನರ್ ತರಿಸಿದ್ದಾನೆ. ಅದನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿದರೆ ಮೊಬೈಲಿನಲ್ಲಿ ದೋಷಗಳ ಪಟ್ಟಿ ಬರುತ್ತದೆ, ಒಂದು ಗುಂಡಿ ಒತ್ತಿದರೆ ಪಟ್ಟಿ ಮಾಯ. ದೀಪ ಆರಿದ್ದು ನೋಡಿ ಸಾವ್ಕಾರ್ರು, "ನೋಡು, ಹುಬ್ಬಳ್ಳಿಯಾಂವ ಇದಕ್ಕ 60,000 ಕೇಳಿದ್ದ" ಅಂದರು. ಮಿಸ್ತ್ರಿ ಪ್ರಾಮಾಣಿಕ. "ರೋಗ ಹೋಗಿಲ್ರಿ ಸಾವ್ಕಾರ್ರ, ಹೆಸರ ಅಳಿಸೀನಿ ಅಷ್ಟ." ದೀಪ ಊರ ಅಗಸಿ ದಾಟುವುದರೊಳಗೆ ಮತ್ತೆ ಹೊತ್ತಿಕೊಂಡಿತು.

ರಸ್ತೆಯ ಉಬ್ಬುಗಳದ್ದು ಬೇರೆಯೇ ಅಧ್ಯಾಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಿಧಾನವಾಗಿ ಹೋದರೆ ಗಾಲಿ ಹತ್ತಿದ್ದೂ ಇಳಿದದ್ದೂ ಗೊತ್ತಾಗಬಾರದು. ನಮ್ಮ ಕಡೆ ಹಂಪ್ ಹುಟ್ಟುವುದು ಅಪಘಾತವಾದ ದಿನ ರಾತ್ರಿ, ಯಾರದೋ ಮನೆಯ ಸ್ಲ್ಯಾಬಿಗೆ ಕಲಸಿ ಉಳಿದ ಕಾಂಕ್ರೀಟಿನಿಂದ, ಹುಡುಗರ ಸಿಟ್ಟು ಎಷ್ಟೋ ಅಷ್ಟು ಎತ್ತರಕ್ಕೆ. ಕಾರಿನ ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಇಲ್ಲ. ಆದ್ದರಿಂದ ಸಾವ್ಕಾರ್ರ ಕಾರಿನಲ್ಲಿ ಇಳಕಲ್ಲಿಗೆ ಹೊರಟವರು ಹಂಪ್ ಬಂದಾಗಲೆಲ್ಲ ಇಳಿದು ನಡೆಯಬೇಕು. ಹಗುರಾದ ಕಾರು ಓರೆಯಾಗಿ ಒಂದೊಂದೇ ಗಾಲಿ ಎತ್ತಿಟ್ಟು ದಾಟುತ್ತದೆ. ಕಳೆದ ಸಲ ಅವರ ಬೀಗರು ಹೀಗೆ ಇಳಿದು ಹತ್ತಿ, ಇಳಿದು ಹತ್ತಿ, ಕೊನೆಗೆ ಒಂದು ಊರಿನಲ್ಲಿ ಇಳಿದವರು ಮತ್ತೆ ಹತ್ತಲೇ ಇಲ್ಲ. ಹಿಂದೆ ಬಂದ ಬಸ್ಸಿಗೆ ಕೈ ಮಾಡಿದರು. ಸಾವ್ಕಾರ್ರಿಗಿಂತ ಮೊದಲು ಮುಟ್ಟಿದರು ಕೂಡ.

ಅನ್ಯಾಯ ಮಾಡಬಾರದು. ಆ ಕಾರು ಸರಿಯಿದ್ದ ದಿನ, ಹುನಗುಂದದಿಂದ ವಿಜಯಪುರದ ಕಡೆಗೆ ನಾಲ್ಕು ಪಥದ ಹೆದ್ದಾರಿಗೆ ಬಿದ್ದರೆ, ಅದರ ಓಟವೇ ಬೇರೆ. ಗಂಟೆಗೆ ನೂರರಲ್ಲಿ ಹೋಗುತ್ತಿದ್ದರೂ ಒಳಗೆ ಪಿಸುಮಾತು ಕೇಳುತ್ತದೆ. ಹಿಂದಿನ ಸೀಟಿನಲ್ಲಿ ಕೂತ ನನಗೇ ಒಂದು ಗಳಿಗೆ ನಾನು ಯಾರೋ ದೊಡ್ಡವನು ಅನ್ನಿಸಿತ್ತು, ನನ್ನ ಹೆಗಲ ಮೇಲೆ ಉಳ್ಳಾಗಡ್ಡಿ ಚೀಲದ ಧೂಳಿದ್ದರೂ. ಈ ಸುಖಕ್ಕೆ ಮನುಷ್ಯ ದುಡ್ಡು ಸುರಿದರೆ ನಾನು ಬೈಯಲಾರೆ. ಸಾವ್ಕಾರ್ರು ಅದನ್ನು ಸುಖ ಅನ್ನದೆ ಉಳಿತಾಯ ಅನ್ನುತ್ತಾರಲ್ಲ, ತಕರಾರು ಇರುವುದು ಅಲ್ಲಿ.

ಆ ತಕರಾರನ್ನು ಮೊದಲು ಎತ್ತಿದವರು ಅವರ ಮನೆಯವರು. ಒಂದು ಸಂಜೆ ಕಟ್ಟೆಯ ಮೇಲೆ ಐದಾರು ಜನರ ಎದುರು ಸಾವ್ಕಾರ್ರು, "50ರ ಗಾಡಿ 7ಕ್ಕ ಅಂದ್ರ, 43 ಲಕ್ಷ ಉಳಿಸೀನಿ" ಎಂದು ಹೇಳುತ್ತಿದ್ದಾಗ ಒಳಗಿನಿಂದ ದನಿ ಬಂತು: "ಏನ್ರಿ, ಆ 43 ಲಕ್ಷ ಎಲ್ಲಿಟ್ಟೀರಿ? ಹಿತ್ತಲ ಗ್ವಾಡಿ ಬಿದ್ದೈತಿ, ಅದರಾಗಿಂದ ಒಂದೀಟ ಕೊಡ್ರಿ." ಇನ್ಶೂರೆನ್ಸ್ ಕಂಪನಿಯವರೂ ಮನೆಯವರ ಪಕ್ಷ. ಅವರ ಕಾಗದದಲ್ಲಿ ಕಾರಿನ ಬೆಲೆ ಪ್ರತಿ ವರ್ಷ ಕರಗುತ್ತದೆ. ಅಪಘಾತವಾಗಿ ರಬ್ಬರ್, ಪ್ಲಾಸ್ಟಿಕ್ ಭಾಗ ಬದಲಿಸಿದರೆ ಅರ್ಧ ದುಡ್ಡು ನಮ್ಮದೇ. ತಾನಾಗಿ ಸವೆದು ಕೆಟ್ಟದ್ದಕ್ಕೆ ಒಂದು ಪೈಸೆಯೂ ಇಲ್ಲ. ಈ ಕಾರಿನಲ್ಲಿ ಕೆಡುವುದೆಲ್ಲ ತಾನಾಗಿಯೇ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಿದ್ದಾಗ ಗೇರ್‌ಬಾಕ್ಸ್ ಕೈ ಕೊಟ್ಟಿತು. ನಾಟಕ ಕಂಪನಿಗಳ ಡೇರೆಗಳಾಚೆ, ಮಾರಾಟಕ್ಕೆ ಬಂದ ಬಾಗಿಲ ಚೌಕಟ್ಟುಗಳ ಸಾಲಿನ ಪಕ್ಕದಲ್ಲಿ ಕಾರು ನಿಂತಿತು. ಡ್ರೈವ್‌ಗೆ ಹಾಕಿದರೂ ಅಲುಗದು, ರಿವರ್ಸಿಗೂ ಅಲುಗದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯೋಣ ಎಂದು ಹುಡುಗರು ಬಂದರು. ಹಾಗೆ ಎಳೆಯುವಂತಿಲ್ಲ, ಎಂಜಿನ್ ತಿರುಗಿದರಷ್ಟೇ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯುತ್ತದೆ, ಗಾಲಿ ಉರುಳಿಸಿಕೊಂಡು ಎಳೆದರೆ ಉಳಿದ ಹಲ್ಲುಗಳೂ ಹೋಗುತ್ತವೆ. ಹುಬ್ಬಳ್ಳಿಯಿಂದ ಕಾರು ಹೊರುವ ಲಾರಿ ಬರಬೇಕಾಯಿತು. ಗುಡೂರಿನ ಮನೆಯಿಂದ ಆರ್‌ಸಿ ಬುಕ್ಕು, ಇನ್ಶೂರೆನ್ಸ್ ಕಾಗದ ತೆಗೆದುಕೊಂಡು ಹೋಗಬೇಕೆಂದು ಲಾರಿ ಮೊದಲು ಊರಿಗೇ ಬಂತು.

ಸಂತೆಯ ಹೊತ್ತು. ಎಲ್ಲರ ತಲೆಗಿಂತ ಮೇಲೆ, ಲಾರಿಯ ಬೆನ್ನಿನ ಮೇಲೆ ಕಾರು, ಜಾತ್ರೆಗೆಂದು ತೊಳೆದು ಹೂಮಾಲೆ ಹಾಕಿದ್ದು ಹಾಗೇ ಇತ್ತು. ಮುಂದೆ ಡ್ರೈವರನ ಪಕ್ಕ ಸಾವ್ಕಾರ್ರು, ಮುಖ ಸಣ್ಣದು ಮಾಡಿಕೊಂಡು. ಲಾರಿ ನಿಂತದ್ದೇ ತಡ, ಜನ ಮುತ್ತಿದರು. "ಸಾವ್ಕಾರ್ರ, ಮತ್ತೊಂದ ತಂದ್ರೇನ್ರಿ?" "ಕಂಪನಿಯಾವ್ರ ಮನೀಗೇ ತಂದ ಮುಟ್ಟಿಸ್ತಾರ?" ಯಾರೋ ಒಬ್ಬ ಪೇಢೆ ಕೇಳಿದ. ಸಾವ್ಕಾರ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. "50 ಲಕ್ಷದ ಗಾಡಿ," ಅಂದರು.

ಗೇರ್‌ಬಾಕ್ಸಿಗೆ ಹುಬ್ಬಳ್ಳಿಯವರು ಹೇಳಿದ ಬೆಲೆ ಕೇಳಿ ಅವರು ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ಮತ್ತೆ ಗೆಲುವಾಗಿ ಬಂದು ಕೂತರು. ದಿಲ್ಲಿಯ ಅದೇ ದಲಾಲಿ ಫೋನು ಮಾಡಿದ್ದನಂತೆ. ಅದೇ ಮಾಡೆಲ್ಲು, ಅದೇ ಬಣ್ಣ, ಎಂಜಿನ್ ಸೀಜ್ ಆಗಿದೆ, ಆದರೆ ಗೇರ್‌ಬಾಕ್ಸ್ ಗಟ್ಟಿ. 2 ಲಕ್ಷ. ಒಂದನ್ನು ಓಡಿಸುವುದು, ಇನ್ನೊಂದನ್ನು ಹಿತ್ತಲಲ್ಲಿಟ್ಟು ಬೇಕಾದ್ದು ಬಿಚ್ಚಿಕೊಳ್ಳುವುದು. ಬಿದ್ದ ಗೋಡೆಯ ಸಂದಿನಿಂದಲೇ ಒಳಗೆ ತಂದರೆ ಆಯಿತು, ಗೋಡೆ ಕಟ್ಟಿಸದೆ ಇದ್ದದ್ದು ಎಷ್ಟು ಛಲೋ ಆಯಿತು ನೋಡಿರಿ ಎಂದು ನಮಗೆ ವಿವರಿಸಿದರು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಂದ್ರ ಇದರಾಗ 48 ಉಳೀತಲ್ರಿ," ಅಂದರು ಮನೆಯವರು. "ಮೊದಲಿಂದು 43. ಇನ್ನೊಂದ ತಗೊಂಡ್ಬಿಡ್ರಿ, ಕೋಟಿ ದಾಟತೈತಿ."