ನಕಾಶೆಯ ಮೇಲಿನ ಸವಾರಿ

ದಕ್ಷಿಣ ಇಂಗ್ಲೆಂಡಿನ ಹಳ್ಳಿ ಎಂದರೆ ಒಂದು ಚರ್ಚು, ಒಂದು ಪಬ್ಬು, ಬಾಗಿಲು ಹಾಕಿದ ಒಂದು ಅಂಚೆ ಕಚೇರಿ ಮತ್ತು ಒಬ್ಬ ಕುದುರೆ ಮೇಡಂ. ವಯಸ್ಸು ಅರವತ್ತು ದಾಟಿರುತ್ತದೆ. ಎಷ್ಟು ದಾಟಿದೆ ಎಂದು ಕೇಳುವ ಧೈರ್ಯವಿದ್ದವರು ಊರಲ್ಲಿ ಯಾರೂ ಉಳಿದಿಲ್ಲ. ಮೈಮೇಲೆ ರಸ್ತೆ ರಿಪೇರಿಯವರು ತೊಡುವಂಥ ಕಣ್ಣು ಕುಕ್ಕುವ ಹಳದಿ ಜಾಕೀಟು, ಬೂಟಿನ ಮೇಲೆ ಹೋದ ವಾರದ ಕೆಸರು. ಕಾರಿನ ಹಿಂದಿನ ಸೀಟಿನಲ್ಲಿ ಒಣಹುಲ್ಲು, ಮುಂದಿನ ಸೀಟಿನಲ್ಲಿ ಫೈಲು. ಹುಲ್ಲು ಕುದುರೆಗೆ, ಫೈಲು ಕೌಂಟಿ ಕೌನ್ಸಿಲಿಗೆ. ಎರಡರಲ್ಲಿ ಬೇಗ ಖರ್ಚಾಗುವುದು ಹುಲ್ಲು.

ನಮ್ಮೂರಿನ ಮೇಡಂ ಅವರ ಕುದುರೆಯ ಹೆಸರು ಬಿಸ್ಕೆಟ್. ದಪ್ಪ ಕಾಲು, ಅಗಲ ಬೆನ್ನು, ಯಾವ ಅವಸರಕ್ಕೂ ಬೀಳದ ಸ್ವಭಾವ. ಒಡತಿ ಸಾರ್ವಜನಿಕ ದಾರಿಯ ಕಾನೂನಿನಲ್ಲಿ ಎಷ್ಟು ಮುಳುಗಿದ್ದಾರೋ ಬಿಸ್ಕೆಟ್ ಅಷ್ಟೇ ನಿರ್ಲಿಪ್ತ. ಹುಲ್ಲು ಎಲ್ಲಿದೆಯೋ ಅಲ್ಲಿ ತನ್ನ ಹಕ್ಕಿದೆ ಎಂಬುದು ಅದರ ನಿಲುವು. ಮೇಡಂ ಜೊತೆ ಮಾತು ಎಲ್ಲ ಇಂಗ್ಲಿಷರ ಮಾತಿನಂತೆ ಮಳೆಯಿಂದಲೇ ಶುರುವಾಗುತ್ತದೆ. ಆದರೆ ಮಳೆಯಿಂದ ಕೆಸರಿಗೆ, ಕೆಸರಿನಿಂದ ದಾರಿಗೆ, ದಾರಿಯಿಂದ 1949ರ ಕಾನೂನಿಗೆ ಬರಲು ಎರಡೇ ನಿಮಿಷ ಸಾಕು. ಅಷ್ಟರಲ್ಲಿ ಬಿಸ್ಕೆಟ್ ನಿಮ್ಮ ಗುಲಾಬಿ ಗಿಡದ ಚಿಗುರು ಮುಗಿಸಿರುತ್ತದೆ.

ಆ 1949ರ ಕಾನೂನಿನ ಮೇಲೆ ಅವರಿಗೆ ವೈಯಕ್ತಿಕ ದ್ವೇಷವಿದೆ. ದೇಶದ ಎಲ್ಲ ಸಾರ್ವಜನಿಕ ದಾರಿಗಳನ್ನೂ ಒಂದು ಅಧಿಕೃತ ನಕಾಶೆಯಲ್ಲಿ ಗುರುತಿಸಿ ಎಂದು ಅದು ಕೌನ್ಸಿಲುಗಳಿಗೆ ಹೇಳಿತು. ಐವತ್ತರ ದಶಕದಲ್ಲಿ ಊರೂರಿನ ಪ್ಯಾರಿಶ್ ಸಭೆಯವರು ದಾರಿ ನೋಡಿ ಬರೆದು ಕಳಿಸಿದರು. ಕೆಲವನ್ನು ಬಿಟ್ಟರು, ಎಷ್ಟೋ ಕುದುರೆದಾರಿಗಳನ್ನು ಕಾಲುದಾರಿ ಎಂದು ಬರೆದರು. ಕಾಲುದಾರಿಯಲ್ಲಿ ಕುದುರೆ ಏರಿ ಹೋಗುವ ಹಕ್ಕಿಲ್ಲ; ಹೋದರೂ ಮುಂದೆ ಒಂದು ತಡಮೆ ಅಡ್ಡ ನಿಂತಿರುತ್ತದೆ. ಇವತ್ತಿಗೂ ಇಂಗ್ಲೆಂಡಿನ ಸಾರ್ವಜನಿಕ ದಾರಿಗಳಲ್ಲಿ ಕುದುರೆಗೆ ದಕ್ಕಿರುವುದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. "ನಮ್ಮೂರಲ್ಲಿ ಬರೆದವನ ಹತ್ತಿರ ಕುದುರೆ ಇರಲಿಲ್ಲ" ಎನ್ನುತ್ತಾರೆ ಮೇಡಂ. ಬರೆದವರು ತೀರಿಕೊಂಡು ಎಷ್ಟೋ ಕಾಲವಾಗಿದೆ, ಚರ್ಚಿನ ಹಿತ್ತಲಲ್ಲಿ ಮಲಗಿದ್ದಾರೆ. ಆ ಸಮಾಧಿಯ ಪಕ್ಕ ಹಾಯುವಾಗಲೆಲ್ಲ ಮೇಡಂ ಕುದುರೆಯನ್ನು ಒಂದು ಕ್ಷಣ ನಿಲ್ಲಿಸುತ್ತಾರೆ. ಪ್ರಾರ್ಥನೆಗಲ್ಲ.

ಅವರ ಪರಮ ಸಂಕಟ ಊರಾಚೆಯ ಕಾಡಿನದು. ಹತ್ತಾರು ವರ್ಷ ಅಲ್ಲಿ ಕುದುರೆಗಳು ಓಡಾಡಿದವು. ಆಮೇಲೆ ಕಾಡು ಕೈ ಬದಲಾಯಿತು. ಹೊಸ ಮಾಲೀಕ ಲಂಡನ್ನಿನಲ್ಲಿ ದುಡ್ಡು ಮಾಡಿ ಹಳ್ಳಿಯಲ್ಲಿ ನೆಮ್ಮದಿ ಕೊಳ್ಳಲು ಬಂದವನು. ದೊಡ್ಡ ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲಿ ಮನುಷ್ಯ ಮಾತ್ರ ತೂರುವಷ್ಟು ಸಂದು ಉಳಿಯಿತು. ಇದರಲ್ಲಿ ಅವನ ಕೊಬ್ಬೇನೂ ಇಲ್ಲ, ಕಾನೂನೇ ಹಾಗಿದೆ. 2000ದ ಕಾನೂನು ಬಯಲು, ಬೆಟ್ಟಗಳಲ್ಲಿ ಸುತ್ತುವ ಹಕ್ಕನ್ನು ಕೊಟ್ಟದ್ದು ನಡೆಯುವವರಿಗೆ. ಅದರಡಿಯಲ್ಲೇ ಅರಣ್ಯ ಆಯೋಗ ತನ್ನ ಸ್ವಂತದ ಕಾಡುಗಳಲ್ಲಿ ಬಹುಪಾಲನ್ನು ಸಾರ್ವಜನಿಕರ ಓಡಾಟಕ್ಕೆ ಒಪ್ಪಿಸಿತು. ಮಾರಿದರೂ ಆ ಹಕ್ಕು ಕಾಡಿನ ಜೊತೆಗೇ ಹೋಗುತ್ತದೆ. ಒಪ್ಪಿಸಿದ್ದು ಬಹುಮಟ್ಟಿಗೆ ಎರಡು ಕಾಲಿನವರಿಗೆ. ಅಂಥ ಕಾಡುಗಳಲ್ಲಿ ಕುದುರೆಗೆ ಇದ್ದದ್ದು ಬರೀ ಅನುಮತಿ, ಅದು ಮಾಲೀಕ ಇರುವ ತನಕ. "ನಾಯಿಯನ್ನು ಕರೆದುಕೊಂಡು ಹೋಗಬಹುದಂತೆ" ಎಂದು ಮೇಡಂ ಹಲ್ಲು ಕಡಿಯುತ್ತಾರೆ. "ನಾಯಿಗೇನು ಎರಡು ಕಾಲೇ?"

2010ರ ಕೊನೆಗೆ ಸರಕಾರ ಇಂಗ್ಲೆಂಡಿನ ಸಾರ್ವಜನಿಕ ಕಾಡುಗಳನ್ನೇ ಮಾರಲು ಹೊರಟಿತ್ತು. ಐದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2011ರ ಫೆಬ್ರುವರಿಯಲ್ಲಿ ಸಚಿವೆ ಕ್ಯಾರೊಲಿನ್ ಸ್ಪೆಲ್ಮನ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿ ಯೋಜನೆ ಕೈಬಿಟ್ಟರು. ಆ ಗೆಲುವಿನ ಕಥೆಯನ್ನು ಮೇಡಂ ಹೇಳುವುದು ಕೇಳಿದರೆ ಕ್ಷಮೆ ಕೇಳಿಸಿದ್ದು ಬಿಸ್ಕೆಟ್ ಎಂದೇ ತೋರುತ್ತದೆ.

ಬೀಗ ಬಿದ್ದ ಮೇಲೆ ಮೇಡಂ ಮನೆಮನೆಗೆ ಫಾರಂ ಹಿಡಿದು ಹೊರಟರು. ಜನ ಇಪ್ಪತ್ತು ವರ್ಷ ಎಡೆಬಿಡದೆ ಬಳಸಿದ ದಾರಿ ಸಾರ್ವಜನಿಕ ದಾರಿಯಾಗುತ್ತದೆ ಎಂದು 1980ರ ಹೆದ್ದಾರಿ ಕಾನೂನು ಹೇಳುತ್ತದೆ. ಷರತ್ತು ಮೂರೇ: ಬಲವಂತದಿಂದ ನುಗ್ಗಿರಬಾರದು, ಕದ್ದು ಹೋಗಿರಬಾರದು, ಅನುಮತಿ ಪಡೆದಿರಬಾರದು. ಮೂರನೆಯದು ಕೇಳಿ ನಾನು ಕಣ್ಣರಳಿಸಿದೆ. ಕೇಳಿಕೊಂಡು ಹೋಗುವ ಸಭ್ಯನಿಗೆ ಹಕ್ಕಿಲ್ಲ, ಕೇಳದೆ ಹೋದವನಿಗಿದೆ! ನಾನು ಕುದುರೆ ಹತ್ತಿದವನಲ್ಲ; ಹತ್ತಿರದಿಂದ ನೋಡಿದ್ದು ಮೈಸೂರಿನ ಟಾಂಗಾದ ಹಿಂಬದಿಯಿಂದ. "ಪರವಾಗಿಲ್ಲ, ನೀವು ನಡೆದು ಹೋಗುವಾಗ ಕುದುರೆಗಳನ್ನು ನೋಡಿದ್ದೀರಲ್ಲ, ಅದನ್ನೇ ಬರೆಯಿರಿ" ಎಂದರು. ಬರೆದೆ. ಲದ್ದಿ ನೋಡಿದ್ದನ್ನೂ ಬರೆಸಿಕೊಂಡರು.

ಫಾರಂಗಳು ಬೆಟ್ಟದಷ್ಟಾದವು. ಎಲ್ಲವನ್ನೂ ಮಣ್ಣು ಮಾಡಿದ್ದು ಒಂದು ಫೋಟೋ. ಹಿಂದಿನ ಮಾಲೀಕರು ಬಹಳ ಒಳ್ಳೆಯವರು, ಅನಾಹುತವಾದದ್ದೇ ಅದರಿಂದ. 'ನಮ್ಮ ಅನುಮತಿಯ ಮೇರೆಗೆ ಕುದುರೆ ಸವಾರರಿಗೆ ಸ್ವಾಗತ' ಎಂದು ಗೇಟಿನ ಮೇಲೆ ಒಂದು ಹಲಗೆ ಹಾಕಿಸಿದ್ದರಂತೆ. ಹಲಗೆ ಯಾವತ್ತೋ ಕೊಳೆತುಹೋಗಿತ್ತು, ಊರು ಮರೆತಿತ್ತು. ಹೊಸ ಮಾಲೀಕನ ವಕೀಲರು ಮರೆತಿರಲಿಲ್ಲ. ಕುದುರೆ ಕ್ಲಬ್ಬಿನ ಹಳೆಯ ಸ್ಮರಣ ಸಂಚಿಕೆಯಿಂದ ಅವರು ತೆಗೆದ ಚಿತ್ರದಲ್ಲಿ ಹಲಗೆಯ ಅಕ್ಷರಗಳು ಸ್ಫುಟವಾಗಿದ್ದವು. ಅದರ ಪಕ್ಕದಲ್ಲಿ ಹರೆಯದ ಒಬ್ಬ ಹೆಣ್ಣುಮಗಳು ಬಿಳಿ ಕುದುರೆಯ ಮೇಲೆ ಕುಳಿತು ಬಾಯ್ತುಂಬ ನಗುತ್ತಿದ್ದಳು. ನಗು ಈಗಲೂ ಹಾಗೇ ಇದೆ, ಗುರುತು ಹಿಡಿಯಲು ಯಾರಿಗೂ ಕಷ್ಟವಾಗಲಿಲ್ಲ.

ಬೇರೆಯವರಾಗಿದ್ದರೆ ಫೈಲು ಕಟ್ಟಿಡುತ್ತಿದ್ದರು. ಸರ್ವೆ ನಕಾಶೆ ಬಗಲಲ್ಲಿಟ್ಟುಕೊಂಡು, ಯಾರೋ ಉತ್ತುಕೊಂಡ ಬಂಡಿದಾರಿಗಾಗಿ ತಾಲೂಕು ಕಚೇರಿಯ ಮೆಟ್ಟಿಲು ಸವೆಸುವ ನಮ್ಮ ಕಡೆಯ ಹಿರಿಯರನ್ನು ಕಂಡವನಿಗೆ ಮೇಡಂ ಮುಂದೇನು ಮಾಡುತ್ತಾರೆಂದು ಹೇಳಿಕೊಡಬೇಕಿರಲಿಲ್ಲ. ಒಮ್ಮೆ ಸಾರ್ವಜನಿಕವಾದ ದಾರಿ ಕಾನೂನಿನಂತೆ ರದ್ದಾಗುವ ತನಕ ಸಾರ್ವಜನಿಕವೇ, ಜನ ಬಳಸಲಿ ಬಿಡಲಿ. ಅಂದಮೇಲೆ ಇಪ್ಪತ್ತು ವರ್ಷದ ಮಾತೇಕೆ, ನೂರು ವರ್ಷದ ಹಿಂದಕ್ಕೇ ಹೋದರಾಯಿತು! ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಕುಳಿತರು.

ಅಲ್ಲಿ ಅವರಿಗೆ ಒದಗಿದವರು ನೂರು ವರ್ಷದ ಹಿಂದಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್. ಭೂಮಿಯ ಬೆಲೆ ಏರಿದ್ದಕ್ಕೆ ತೆರಿಗೆ ಹಾಕಬೇಕೆಂದು ಅವರು 1910ರ ಹಣಕಾಸು ಕಾನೂನಿನಡಿ ದೇಶದ ಜಮೀನನ್ನೆಲ್ಲ ಅಳೆಸಿ ಬೆಲೆ ಕಟ್ಟಿಸಿದ್ದರು. ಜಮೀನಿನ ಮೇಲೆ ಸಾರ್ವಜನಿಕ ದಾರಿ ಇದ್ದರೆ ಬೆಲೆಯಲ್ಲಿ ರಿಯಾಯಿತಿ ಕೇಳಬಹುದಿತ್ತು. ಸುಳ್ಳು ಹೇಳಿದರೆ ಶಿಕ್ಷೆ. ಯಾರನ್ನೂ ಕಾಲಿಡಗೊಡದ ಜಮೀನುದಾರರೂ ತೆರಿಗೆಯವನ ಮುಂದೆ "ಅಯ್ಯೋ, ದಾರಿ ಇದೆ ಸ್ವಾಮಿ" ಎಂದು ಒಪ್ಪಿಕೊಂಡಿದ್ದು ಹೀಗೆ. 1920ರಲ್ಲಿ ತೆರಿಗೆ ರದ್ದಾಯಿತು, ಪುಸ್ತಕಗಳು ಉಳಿದವು. ನಮ್ಮ ಕಾಡಿನ ಪುಟದಲ್ಲಿ 'ಸಾರ್ವಜನಿಕ ದಾರಿ' ಎಂಬ ಎರಡು ಪದ, ಎದುರಿಗೆ ರಿಯಾಯಿತಿಯ ಪೌಂಡು. ಕಾಲಿನದೋ ಗೊರಸಿನದೋ ಬರೆದಿಲ್ಲ. "ಇಷ್ಟು ದೊಡ್ಡ ರಿಯಾಯಿತಿ ಬರೀ ಕಾಲುದಾರಿಗೆ ಕೊಡುತ್ತಾರೆಯೇ? ತೆರಿಗೆಯವರ ಸ್ವಭಾವ ನಿಮಗೇ ಗೊತ್ತು" ಎಂಬುದು ಮೇಡಂ ವಾದ. ಈ ವಾದಕ್ಕೆ ಉತ್ತರ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ಇಷ್ಟೆಲ್ಲ ಧಾವಂತಕ್ಕೆ ಕಾರಣ ಒಂದು ಗಡುವು. 1949ಕ್ಕಿಂತ ಹಳೆಯದಾಗಿದ್ದು ನಕಾಶೆ ಸೇರದ ಕಾಲುದಾರಿ, ಕುದುರೆದಾರಿಗಳ ಹಕ್ಕು 2026ರ ಜನವರಿ 1ಕ್ಕೆ ಅಳಿಯುತ್ತದೆ ಎಂದು ಅದೇ 2000ದ ಕಾನೂನು ಬರೆದಿಟ್ಟಿತ್ತು. ಬ್ರಿಟಿಷ್ ಹಾರ್ಸ್ ಸೊಸೈಟಿ ದೇಶದ ಉದ್ದಗಲಕ್ಕೂ ಇಂಥ ಮೇಡಂಗಳನ್ನು ಕಲೆಹಾಕಿ, ಹಳೆಯ ನಕಾಶೆ ಓದುವುದನ್ನು ಕಲಿಸಿ, ಪತ್ರಾಗಾರಗಳಿಗೆ ಅಟ್ಟಿತು. ಮೇಡಂ ಮನೆಯ ಊಟದ ಮೇಜು ನಕಾಶೆಗಳ ಕೆಳಗೆ ಮುಳುಗಿತು. ಗಂಡ ಅಡುಗೆಮನೆಯಲ್ಲಿ ನಿಂತೇ ತಿನ್ನತೊಡಗಿದರು. ಅರ್ಜಿ ಹೋಯಿತು. ಆಮೇಲೆ ಗಡುವು 2031ಕ್ಕೆ ಜಾರಿತು. 2024ರ ಡಿಸೆಂಬರಿನಲ್ಲಿ ಗಡುವನ್ನೇ ರದ್ದು ಮಾಡುವುದಾಗಿ ಸರಕಾರ ಹೇಳಿತು. ಪಬ್ಬಿನಲ್ಲಿ ಎಲ್ಲರೂ ಅಭಿನಂದಿಸಿದರೆ ಮೇಡಂ ಮುಖ ಸಪ್ಪಗಾಗಿತ್ತು. "ಇನ್ನು ಕೌನ್ಸಿಲಿನವರಿಗೆ ಅವಸರವೇ ಇಲ್ಲ" ಎಂದರು. ಗಂಡನ ಮುಖದಲ್ಲಿ ಮಾತ್ರ ಮೇಜು ವಾಪಸು ಬರುವ ಆಸೆ ಮೂಡಿತ್ತು. ಅದು ಬರಲಿಲ್ಲ.

ಸದ್ಯಕ್ಕೆ ಬಿಸ್ಕೆಟ್ ಓಡಾಡುವುದು ಟಾರು ರಸ್ತೆಯಲ್ಲಿ. ಕುದುರೆ ಕಂಡರೆ ಗಂಟೆಗೆ ಹತ್ತು ಮೈಲಿಗಿಂತ ಹೆಚ್ಚು ವೇಗ ಬೇಡ, ಎರಡು ಮೀಟರ್ ಅಂತರ ಬಿಡಿ ಎಂದು 2022ರಿಂದ ಹೆದ್ದಾರಿ ಸಂಹಿತೆಯೇ ಹೇಳುತ್ತದೆ. ಮೇಡಂ ಅಂಗೈ ಎತ್ತಿದರೆ ಲಾರಿಯೂ ನಿಲ್ಲುತ್ತದೆ. ಆದರೆ ಆಗಾಗ ಯಾವನೋ ಒಬ್ಬ ಹಾರನ್ ಬಾರಿಸಿ ಮೈಗೆ ತಾಗುವಷ್ಟು ಹತ್ತಿರ ಹಾಯುತ್ತಾನೆ. ಆಗ ಜಾಕೀಟಿನೊಳಗಿನ ಆ ಮುದುಕಿಯ ಕೈ ಲಗಾಮಿನ ಮೇಲೆ ನಡುಗುವುದನ್ನು ನೋಡಿದ್ದೇನೆ. ನೋಡಿದ ಮೇಲೆ ಫೈಲಿನ ಬಗ್ಗೆ ನಗುವುದು ಸ್ವಲ್ಪ ಕಡಿಮೆಯಾಗಿದೆ.

ಆ ನಡುಕವನ್ನು ಹೊಸ ಮಾಲೀಕನೂ ನೋಡಿರಬೇಕು. ಒಂದು ಭಾನುವಾರ ವೈನ್ ಬಾಟಲಿ ಹಿಡಿದು ಅವರ ಮನೆಗೆ ಬಂದ. ರಸ್ತೆಯಲ್ಲಿ ಅಪಾಯ, ನೀವು ಯಾವಾಗ ಬೇಕಾದರೂ ಕಾಡಿನಲ್ಲಿ ಸವಾರಿ ಮಾಡಿ, ಗೇಟಿನ ಬೀಗದ ಕೈ ತಗೊಳ್ಳಿ ಎಂದ. ನಾನು ಅಲ್ಲೇ ಇದ್ದೆ. ಮೇಡಂ ಮುಖ ಬಿಳಿಚಿತು.

"ಇದು ಅನುಮತಿಯೇ?" ಎಂದು ಕೇಳಿದರು.

"ಹೌದು, ಸಂತೋಷದಿಂದ" ಎಂದ ಪಾಪ.

"ಹಾಗಾದರೆ ಬೇಡ" ಎಂದು ಬಾಟಲಿಯನ್ನೂ ಬೀಗದ ಕೈಯನ್ನೂ ಹಿಂದಿರುಗಿಸಿದರು. ಮರುದಿನ ಬೆಳಿಗ್ಗೆ, ತಮಗೆ ನೀಡಲಾದ ಅನುಮತಿಯನ್ನು ತಾವು ಸ್ವೀಕರಿಸಿಲ್ಲವೆಂದು ಕಾಗದ ಬರೆದು ಅವನಿಗೊಂದು, ಕೌನ್ಸಿಲಿಗೊಂದು ಪ್ರತಿ ರಿಜಿಸ್ಟರ್ ಮಾಡಿ ಕಳಿಸಿದರು. ಮಾಲೀಕ ಗೊಂದಲದಲ್ಲಿ ನನ್ನನ್ನು ತಡೆದು, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ. ವಿವರಿಸತೊಡಗಿದೆ, ನಮ್ಮ ಕಡೆಯ ಬಂಡಿದಾರಿಯ ಮಾತಿನ ತನಕ ಬರುವಷ್ಟರಲ್ಲಿ ಅವನ ಹಿಂದಿನ ಬೇಲಿಯಲ್ಲಿ ಏನೋ ಕರಕರ ಸದ್ದಾಯಿತು. ಬಿಸ್ಕೆಟ್ ಅವನ ಬೇಲಿಯನ್ನು ಮೇಯುತ್ತಿತ್ತು, ಅನುಮತಿಯಿಲ್ಲದೆ.